ಹಕ್ಕಿಗೆ ನೆಲೆ ಕೊಡಿಸಿದವರು

ಚಿತ್ತಾಪುರ ತಾಲೂಕಿನ ಗುಂಡಗುರ್ತಿಯ ಸುತ್ತಣ ಬಯಲಿನಲ್ಲಿ ನಿಂತು ನೋಡುವವನಿಗೆ ಕಾಡು ಎಂಬುದು ಬಲು ದೂರದ ಮಾತಾಗಿ ತೋರುತ್ತದೆ. ತೊಗರಿಯ ಹೊಲ, ಜೋಳದ ಹೊಲ, ನಡುನಡುವೆ ಸುಣ್ಣಕಲ್ಲಿನ ನೆಲ, ಬೇಲಿಯ ಜಾಲಿ. ಅದರಾಚೆಗೆ ವಾಡಿ, ಶಹಾಬಾದುಗಳ ಕಡೆಯ ಕಲ್ಲುಗಣಿಗಳು. ಆದರೆ ಈಶಾನ್ಯಕ್ಕೆ ನಡೆದು ಸೇಡಂ ದಾಟಿ ಚಿಂಚೋಳಿಯನ್ನು ಮುಟ್ಟಿದರೆ ನೆಲ ಏರಿಳಿಯತೊಡಗುತ್ತದೆ. ಕೊಂಚಾವರದ ಗುಡ್ಡಗಳ ಮೇಲೆ ಎಲೆಯುದುರುವ ಒಣಕಾಡು ಹಬ್ಬಿ ನಿಂತಿದೆ. 2011ರಲ್ಲಿ ಈ ಕಾಡಿನ ಸುಮಾರು 134 ಚದರ ಕಿಲೋಮೀಟರನ್ನು ಕರ್ನಾಟಕ ಸರಕಾರ ವನ್ಯಜೀವಿಧಾಮವೆಂದು ಘೋಷಿಸಿತು. ಬಿಸಿಲುನಾಡೆಂದು ಹೆಸರಾದ ಜಿಲ್ಲೆಯಲ್ಲಿ ಮೃಗಪಕ್ಷಿಗಳಿಗೆ ಕಾನೂನಿನ ಬಲದಿಂದ ಒಂದು ಮನೆ ದೊರೆಯಿತು.

ಒಂದು ತುಂಡು ನೆಲವನ್ನು ಬೇಲಿಯಿಲ್ಲದೆಯೇ ಬೇರೆಮಾಡಿ, ಇದು ಮನುಷ್ಯನ ಲಾಭಕ್ಕಲ್ಲ ಎಂದು ಸರಕಾರವೊಂದು ಸಾರುವುದು ಸಾಮಾನ್ಯ ಸಂಗತಿಯಲ್ಲ. ಹಿಂದೆ ಅರಸರು ಕಾಡನ್ನು ಕಾಯುತ್ತಿದ್ದುದು ತಮ್ಮ ಬೇಟೆಗಾಗಿ. ಬ್ರಿಟಿಷರು ಕಾಯುತ್ತಿದ್ದುದು ಮರಕ್ಕಾಗಿ. ಹಕ್ಕಿಗಾಗಿಯೇ ಒಂದು ನೆಲೆಯನ್ನು ಬಿಟ್ಟುಕೊಡಬೇಕೆಂಬ ವಿಚಾರವನ್ನು ನಮ್ಮ ದೇಶದ ಅರಸರಿಗೂ ಮಂತ್ರಿಗಳಿಗೂ ತಾಳ್ಮೆಯಿಂದ ಕಲಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಸಲೀಂ ಅಲಿ ಅವರದು. ಅವರು ಈ ಭಾಗಕ್ಕೆ ಪರಕೀಯರೂ ಅಲ್ಲ. ಗುಂಡಗುರ್ತಿಯೂ ಚಿಂಚೋಳಿಯೂ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಆ ಸಂಸ್ಥಾನದ ಹಕ್ಕಿಗಳ ಮೊದಲ ಕ್ರಮಬದ್ಧ ಸಮೀಕ್ಷೆಯನ್ನು ನಡೆಸಿದವರು ಅವರೇ.

ಸಲೀಂ ಅಲಿ ಹುಟ್ಟಿದುದು 1896ನೆಯ ಇಸವಿ ನವೆಂಬರ್ 12ರಂದು, ಮುಂಬಯಿಯ ಒಂದು ಸುಲೈಮಾನಿ ಬೋಹ್ರಾ ಕುಟುಂಬದಲ್ಲಿ. ಹತ್ತು ಮಕ್ಕಳಲ್ಲಿ ಅವರೇ ಕಿರಿಯರು. ಒಂದು ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು. ಮೂರು ವರ್ಷವಾಗುವಷ್ಟರಲ್ಲಿ ತಾಯಿಯೂ ಇಲ್ಲವಾದರು. ತಬ್ಬಲಿ ಮಕ್ಕಳನ್ನೆಲ್ಲ ಸೋದರಮಾವ ಅಮೀರುದ್ದೀನ್ ತಯ್ಯಬ್ಜಿಯವರೂ ಅವರ ಪತ್ನಿ ಹಮೀದಾ ಬೇಗಂ ಅವರೂ ಖೇತವಾಡಿಯ ತಮ್ಮ ಮನೆಯಲ್ಲಿ ಸಾಕಿದರು. ಮಾವನಿಗೆ ಬೇಟೆಯ ಹವ್ಯಾಸ. ಹುಡುಗನಿಗೆ ಒಂದು ಗಾಳಿಬಂದೂಕು ಸಿಕ್ಕಿತು. ದೊಡ್ಡ ಬೇಟೆಗಾರನಾಗಬೇಕೆಂಬುದೇ ಆ ವಯಸ್ಸಿನ ಆಸೆ; ಗುರಿ ಅಭ್ಯಾಸಕ್ಕೆ ಮನೆಯ ಸುತ್ತಲಿನ ಗುಬ್ಬಿಗಳಿದ್ದವು.

ಹೀಗೆ ಹೊಡೆದ ಗುಬ್ಬಿಗಳಲ್ಲಿ ಒಂದರ ಕೊರಳಿನಲ್ಲಿ ಹಳದಿಯ ಕಲೆಯಿತ್ತು. ಹುಡುಗ ಅದನ್ನು ಎಸೆಯಲಿಲ್ಲ. ಇದು ಯಾವ ಗುಬ್ಬಿಯೆಂದು ಮಾವನನ್ನು ಕೇಳಿದ. ಮಾವನಿಗೂ ತಿಳಿಯದೆ, ಪರಿಚಯದ ಒಂದು ಕಾಗದವನ್ನು ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡ್ ಎಂಬವರ ಬಳಿಗೆ ಕಳುಹಿಸಿದರು. 1908ರ ಸುಮಾರಿನ ಮಾತು ಇದು. ಮಿಲಾರ್ಡ್ ಹಕ್ಕಿಯ ಹೆಸರನ್ನು ಹೇಳಿದ್ದಲ್ಲದೆ, ಬೀರುಗಳ ಬಾಗಿಲು ತೆರೆದು, ಹುಲ್ಲು ತುಂಬಿದ ನೂರಾರು ಹಕ್ಕಿಗಳ ಸಂಗ್ರಹವನ್ನು ತೋರಿಸಿದರು; ಓದಲು ಪುಸ್ತಕಗಳನ್ನು ಕೊಟ್ಟರು; ಹಕ್ಕಿಯ ಚರ್ಮ ಸುಲಿದು ಕಾಪಿಡುವ ವಿದ್ಯೆ ಕಲಿಯುವ ಏರ್ಪಾಡನ್ನೂ ಮಾಡಿದರು. ಒಬ್ಬ ಹುಡುಗನ ಪ್ರಶ್ನೆಗೆ ಹಿರಿಯರೊಬ್ಬರು ಬೇಸರಿಸದೆ ಉತ್ತರವಿತ್ತರೆ ಅದರ ಫಲ ಎಲ್ಲಿಯವರೆಗೆ ಹೋದೀತೆಂಬುದಕ್ಕೆ ಉಪಾಧ್ಯಾಯರು ಬೇರೆ ನಿದರ್ಶನವನ್ನು ಹುಡುಕಬೇಕಾಗಿಲ್ಲ.

ಓದಿನಲ್ಲಿ ಅವರು ಮುಂದಿದ್ದವರಲ್ಲ. 1913ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಯಿತು. ಕಾಲೇಜಿನ ಗಣಿತ ಅವರನ್ನು ಹೆದರಿಸಿತು. ಬರ್ಮಾ ದೇಶದ ತವಾಯ್ ಎಂಬಲ್ಲಿ ಮನೆಯವರಿಗೆ ಗಣಿ ಮತ್ತು ಮರದ ವ್ಯಾಪಾರವಿತ್ತು, ಅಲ್ಲಿಗೆ ಹೋದರು. ವ್ಯಾಪಾರಕ್ಕಿಂತ ಅಲ್ಲಿಯ ಕಾಡಿನ ಅಲೆದಾಟವೇ ಹೆಚ್ಚಾಯಿತು. 1917ರಲ್ಲಿ ಹಿಂದಿರುಗಿ, ಒಂದು ಕಡೆ ವಾಣಿಜ್ಯಶಾಸ್ತ್ರವನ್ನೂ ಇನ್ನೊಂದು ಕಡೆ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನೂ ಓದಿದರು. 1918ರ ಕೊನೆಯಲ್ಲಿ ತೆಹಮೀನಾ ಬೇಗಂ ಅವರೊಡನೆ ವಿವಾಹವಾಯಿತು. ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣ ಸಂಸ್ಥೆಯಲ್ಲಿ ಪಕ್ಷಿಶಾಸ್ತ್ರಜ್ಞನ ಹುದ್ದೆ ದೊರೆಯಲಿಲ್ಲ. ಕಾರಣ, ಕೈಯಲ್ಲಿ ವಿಶ್ವವಿದ್ಯಾಲಯದ ಪದವಿಯಿರಲಿಲ್ಲ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ, ಬಂದವರಿಗೆ ವಿವರಣೆ ಹೇಳುವ ಕೆಲಸ ಸಿಕ್ಕಿತು. ಎರಡು ವರ್ಷಗಳ ಮೇಲೆ ರಜೆ ಪಡೆದು ಜರ್ಮನಿಗೆ ಹೋಗಿ, ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸೆಮನ್ ಎಂಬ ಮಹಾವಿದ್ವಾಂಸರ ಬಳಿ ಕಲಿತರು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ವಲಸೆಯ ದಾರಿಯನ್ನು ತಿಳಿಯುವ ವಿಧಾನವನ್ನು ಅವರು ಕಂಡುದೂ ಅಲ್ಲಿಯೇ. 1930ರಲ್ಲಿ ಹಿಂದಿರುಗುವ ವೇಳೆಗೆ, ಹಣವಿಲ್ಲವೆಂದು ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ನಿರುದ್ಯೋಗಿಯಾದ ವಿದ್ವಾಂಸನು ಪತ್ನಿಯೊಡನೆ ಮುಂಬಯಿಗೆ ಸಮೀಪದ ಕಿಹೀಂ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲಸಿದನು. ಮನೆಯ ಬಳಿಯ ಮರದಲ್ಲಿ ಗೀಜಗನ ಗೂಡುಗಳಿದ್ದವು. ಪ್ರತಿದಿನವೂ ಅವುಗಳನ್ನು ನೋಡುತ್ತ ಕುಳಿತಾಗ, ಅದುವರೆಗೆ ಗ್ರಂಥಗಳಲ್ಲಿ ಇಲ್ಲದ ಒಂದು ಸಂಗತಿ ಹೊರಬಿತ್ತು. ಗಂಡುಹಕ್ಕಿ ಗೂಡನ್ನು ಅರ್ಧ ನೇಯ್ದು ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದನ್ನು ಮುಗಿಸುತ್ತದೆ. ಬಳಿಕ ಇನ್ನೊಂದು ಗೂಡನ್ನು ಕಟ್ಟಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಈ ಬರಹದಿಂದ ಅವರ ಹೆಸರು ದೇಶವಿದೇಶಗಳ ಪಂಡಿತರಿಗೆ ತಿಳಿಯಿತು. ಕೆಲಸವಿಲ್ಲದ ದಿನಗಳು ಅವರ ಪಾಲಿಗೆ ವ್ಯರ್ಥವಾಗಲಿಲ್ಲ.

ಅನಂತರ ಅವರು ಒಂದು ವಿಚಿತ್ರವಾದ ಒಪ್ಪಂದವನ್ನು ದೇಶೀಯ ಸಂಸ್ಥಾನಗಳ ಮುಂದಿಟ್ಟರು. ತಮಗೆ ಸಂಬಳ ಬೇಡ. ಪ್ರಯಾಣಕ್ಕೂ ಬಿಡಾರಕ್ಕೂ ತಗಲುವ ವೆಚ್ಚವನ್ನು ಕೊಟ್ಟರೆ ಸಾಕು. ಸಂಸ್ಥಾನದ ಹಕ್ಕಿಗಳನ್ನೆಲ್ಲ ಪಟ್ಟಿಮಾಡಿ ಕೊಡುತ್ತೇನೆ, ಎಂಬುದು ಅದರ ತಾತ್ಪರ್ಯ. ಇದನ್ನು ಮೊದಲು ಒಪ್ಪಿಕೊಂಡ ಸಂಸ್ಥಾನಗಳಲ್ಲಿ ಹೈದರಾಬಾದು ಒಂದು. 1931-32ರಲ್ಲಿ ಸಲೀಂ ಅಲಿ ಮತ್ತು ತೆಹಮೀನಾ ಎತ್ತಿನ ಗಾಡಿಯ ದಾರಿಗಳಲ್ಲಿಯೂ ಕಾಡಿನ ಬಂಗಲೆಗಳಲ್ಲಿಯೂ ಕಾಲ ಕಳೆದರು. ಕನ್ನಡ, ತೆಲುಗು, ಮರಾಠಿ ಮೂರು ಭಾಷೆಗಳ ನೆಲವನ್ನು ಒಳಗೊಂಡಿದ್ದ ಆ ವಿಶಾಲ ಸಂಸ್ಥಾನದಲ್ಲಿ ಯಾವ ಹಕ್ಕಿ ಎಲ್ಲಿ, ಯಾವ ಋತುವಿನಲ್ಲಿ, ಏನನ್ನು ತಿಂದು ಬದುಕುತ್ತದೆಂಬುದು ಮೊದಲ ಬಾರಿಗೆ ಲೆಕ್ಕಕ್ಕೆ ಬಂದಿತು. ಆಮೇಲೆ ತಿರುವಾಂಕೂರು, ಕೊಚ್ಚಿ, ಗ್ವಾಲಿಯರ್, ಇಂದೂರು, ಭೋಪಾಲ್ ಸಂಸ್ಥಾನಗಳ ಸರದಿ.

ಈ ಸಮೀಕ್ಷೆಗಳ ಮಹತ್ವವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಏನಿದೆಯೆಂದು ತಿಳಿಯದ ಸರಕಾರ ಯಾವುದನ್ನೂ ಕಾಯಲಾರದು. ಮನೆಯ ಸಾಮಾನಿನ ಪಟ್ಟಿಯಿಲ್ಲದವನಿಗೆ ಕಳವಾದುದೂ ತಿಳಿಯುವುದಿಲ್ಲ. ಸಂರಕ್ಷಿತ ಪ್ರದೇಶದ ಮೊದಲ ಕಲ್ಲು ರಾಜಾಜ್ಞೆಯಲ್ಲ; ಒಬ್ಬ ಮನುಷ್ಯನು ಬಿಸಿಲಿನಲ್ಲಿ ತಿರುಗಿ ಬರೆದಿಟ್ಟ ದಿನಚರಿ. ಸಲೀಂ ಅಲಿ ಈ ಕೆಲಸಕ್ಕಾಗಿ ಹಕ್ಕಿಗಳನ್ನು ಹೊಡೆಯುತ್ತಿದ್ದರು, ಅದನ್ನು ಮುಚ್ಚಿಡಲೂ ಇಲ್ಲ. ಕೆಲವನ್ನು ಕೊಲ್ಲದೆ ಕುಲವನ್ನು ತಿಳಿಯುವ ಉಪಾಯ ಆ ಕಾಲದಲ್ಲಿ ಇರಲಿಲ್ಲವೆಂಬುದು ಅವರ ನಿಲುವು. ದಯೆಯೊಂದೇ ಅವರ ಪ್ರೇರಣೆಯಾಗಿರಲಿಲ್ಲ. ತಿಳಿವಳಿಕೆಯ ಹಸಿವು ಅದಕ್ಕಿಂತ ದೊಡ್ಡದಾಗಿತ್ತು.

1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ತರುವಾಯ ತೆಹಮೀನಾ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಕಾಡಿನ ಕಷ್ಟವನ್ನು ನಗುನಗುತ್ತ ಹಂಚಿಕೊಂಡಿದ್ದ ಜೊತೆಗಾತಿಯನ್ನು ಕಳೆದುಕೊಂಡ ಸಲೀಂ ಅಲಿ, ಮುಂದೆ ನಲವತ್ತೆಂಟು ವರ್ಷ ಬದುಕಿದ್ದರೂ ಮರುಮದುವೆಯಾಗಲಿಲ್ಲ. ತಂಗುವುದಕ್ಕೆ ಅಕ್ಕನ ಮನೆ, ಬಾಳುವುದಕ್ಕೆ ಹಕ್ಕಿಗಳ ಲೋಕ ಎಂಬಂತಾಯಿತು. ಆ ದುಃಖದ ದಿನಗಳಲ್ಲಿಯೇ ಅವರು ಮೈಸೂರು ಸಂಸ್ಥಾನದ ಸಮೀಕ್ಷೆಯನ್ನು ಕೈಗೊಂಡುದು.

ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಅಣೆಯಿಂದಾಗಿ ನದಿಯ ನಡುವೆ ಕೆಲವು ಕುದುರುಗಳು ಉಂಟಾಗಿವೆ. ಅವುಗಳ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳು ಸಾವಿರಗಟ್ಟಲೆ ಸೇರಿ ಗೂಡು ಕಟ್ಟುತ್ತವೆ. ಊರವರಿಗೆ ಅದು ನಿತ್ಯದ ನೋಟ. ಸಲೀಂ ಅಲಿ ಅದರ ಬೆಲೆಯನ್ನು ಕಂಡರು, ಅರಮನೆಗೆ ತಿಳಿಸಿದರು, ಹಕ್ಕಿಗಳಿಗೆ ರಕ್ಷಣೆ ಕೊಡಬೇಕೆಂದು ಕೇಳಿದರು. ಒಡೆಯರು ಒಪ್ಪಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇಡೀ ಧಾಮ ಒಂದು ಚದರ ಕಿಲೋಮೀಟರಿನಷ್ಟೂ ಇಲ್ಲ. ಆದರೂ ಎಂಬತ್ತು ವರ್ಷಗಳಿಗೂ ಮೀರಿ ಅದು ಉಳಿದು ಬಂದಿದೆ. 2022ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ, ಜಗತ್ತಿನ ಮುಖ್ಯ ಜೌಗುನೆಲೆಗಳಲ್ಲಿ ಒಂದೆಂಬ ಮನ್ನಣೆ ಪಡೆದಿದೆ.

1941ರಲ್ಲಿ ಭಾರತದ ಹಕ್ಕಿಗಳನ್ನು ಕುರಿತ ಅವರ ಚಿತ್ರಸಹಿತ ಪುಸ್ತಕ ಹೊರಬಂದಿತು. ಪಂಡಿತರ ಕಪಾಟಿನಲ್ಲಿದ್ದ ವಿದ್ಯೆ ಅದರಿಂದ ವಿದ್ಯಾರ್ಥಿಯ ಕೈಚೀಲಕ್ಕೆ ಇಳಿಯಿತು. ಸ್ವಾತಂತ್ರ್ಯಾನಂತರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ ನೆಹರೂ ಅವರಿಗೆ ಬರೆದು ನೆರವು ತಂದವರು ಅವರೇ. ಮೋಟಾರ್ ಸೈಕಲ್ಲಿನ ಹುಚ್ಚು ಅವರಿಗೆ ಎಷ್ಟಿತ್ತೆಂದರೆ, 1950ರಲ್ಲಿ ಸ್ವೀಡನ್ ದೇಶದ ಉಪ್ಸಾಲಾದಲ್ಲಿ ನಡೆದ ಪಕ್ಷಿಶಾಸ್ತ್ರಜ್ಞರ ಸಮ್ಮೇಳನಕ್ಕೆ ತಮ್ಮ ವಾಹನವನ್ನು ಹಡಗಿನಲ್ಲಿ ಒಯ್ದು ಯೂರೋಪಿನ ರಸ್ತೆಗಳಲ್ಲಿ ಅದನ್ನೇ ಏರಿ ಹೋದರು. ಆಗ ಅವರ ವಯಸ್ಸು ಐವತ್ತಮೂರು.

ಕನ್ನಡನಾಡಿನೊಡನೆ ಅವರ ನಂಟು ರಂಗನತಿಟ್ಟಿಗೇ ಮುಗಿಯಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ತಗುಲಿ ಸಾವುಗಳಾದವು. ಸೈಬೀರಿಯದ ಕಡೆಯ ಒಂದು ರೋಗಕ್ಕೂ ಇದಕ್ಕೂ ಹೋಲಿಕೆ ಕಂಡುಬಂದು, ವಲಸೆ ಬರುವ ಹಕ್ಕಿಗಳು ಇದನ್ನು ಹೊತ್ತು ತಂದಿರಬಹುದೆಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯವನ್ನು ಕೈಗೊಂಡರು. ಆ ಆರೋಪ ಸಿದ್ಧವಾಗಲಿಲ್ಲ; ಆದರೆ ನಮ್ಮ ಕೆರೆಗಳಿಗೆ ಚಳಿಗಾಲದಲ್ಲಿ ಬರುವ ಅತಿಥಿಗಳು ಎಲ್ಲಿಂದ ಹೊರಟವುಗಳೆಂಬ ಅರಿವು ಬೆಳೆಯಿತು. ಒಂದು ದೇಶ ತನ್ನ ಕೆರೆಯನ್ನು ಕಾಯ್ದರೆ ಮಾತ್ರ ಸಾಲದು, ಹಕ್ಕಿಯ ದಾರಿಯುದ್ದಕ್ಕೂ ಇರುವ ದೇಶಗಳೆಲ್ಲ ಕಾಯಬೇಕು ಎಂಬ ಸತ್ಯ ಇಂಥ ಉಂಗುರಗಳಿಂದ ಸ್ಪಷ್ಟವಾಯಿತು.

ಅವರ ಬಾಳಿನ ಅತ್ಯಂತ ದೊಡ್ಡ ಗೆಲವೂ ಅತ್ಯಂತ ಕಹಿಯಾದ ಪಾಠವೂ ಒಂದೇ ಸ್ಥಳಕ್ಕೆ ಸೇರಿವೆ. ಅದು ರಾಜಸ್ಥಾನದ ಭರತಪುರದ ಕೇವಲಾದೇವ ಘನ. ಅಲ್ಲಿಯ ಮಹಾರಾಜರು ಬಾತುಕೋಳಿಯ ಬೇಟೆಗಾಗಿ ನೀರು ನಿಲ್ಲಿಸಿ ಮಾಡಿಸಿದ ಜೌಗು ಅದು. 1938ರ ನವೆಂಬರ್ 12ರಂದು, ಎಂದರೆ ಸಲೀಂ ಅಲಿಯವರಿಗೆ ನಲವತ್ತೆರಡು ತುಂಬಿದ ದಿನ, ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡ ಅಲ್ಲಿ 4,273 ಹಕ್ಕಿಗಳನ್ನು ಹೊಡೆದು ಕೆಡವಿತು. ಆ ಲೆಕ್ಕವನ್ನು ಅಲ್ಲಿಯೇ ಕಲ್ಲಿನಲ್ಲಿ ಕೊರೆಯಿಸಲಾಗಿದೆ. ಸಂಸ್ಥಾನಗಳು ವಿಲೀನವಾದ ಮೇಲೆ, ಜೌಗನ್ನು ಬತ್ತಿಸಿ ಹೊಲಮಾಡಿ ಹಂಚಬೇಕೆಂಬ ಕೂಗು ಎದ್ದಿತು. ನೆಲವಿಲ್ಲದ ರೈತನ ಕೂಗು ಅನ್ಯಾಯದ್ದೆಂದು ಯಾರು ಹೇಳಿಯಾರು? ಆದರೆ ಒಮ್ಮೆ ಬತ್ತಿದ ಜೌಗು ಮತ್ತೆ ಬಾರದು. ಸಲೀಂ ಅಲಿ ನೆಹರೂ ಅವರ ಬಳಿ ಹಕ್ಕಿಗಳ ಪರವಾಗಿ ವಾದಿಸಿದರು, ಜೌಗು ಉಳಿಯಿತು. 1981ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1985ರಲ್ಲಿ ವಿಶ್ವಪರಂಪರೆಯ ತಾಣವೆನಿಸಿತು.

ಈ ನಡುವೆ ದೇಶದ ಕಾನೂನು ಬದಲಾಗಿತ್ತು. 1972ರಲ್ಲಿ ಪಾರ್ಲಿಮೆಂಟು ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. ಅದರ ಕ್ರಮ ಹೀಗೆ: ಸರಕಾರ ಮೊದಲು ತನ್ನ ಉದ್ದೇಶವನ್ನು ಪ್ರಕಟಿಸಿ ಎಲ್ಲೆಗಳನ್ನು ಗುರುತಿಸಬೇಕು, ಕಲೆಕ್ಟರರು ಆ ಎಲ್ಲೆಯೊಳಗೆ ಜನರಿಗಿರುವ ಹಕ್ಕುಗಳನ್ನು ವಿಚಾರಿಸಬೇಕು, ಹಕ್ಕುಗಳ ತೀರ್ಮಾನವಾದ ಮೇಲೆಯೇ ಕೊನೆಯ ಘೋಷಣೆ. ವನ್ಯಜೀವಿಧಾಮದಲ್ಲಿ ಕೆಲವು ಹಕ್ಕುಗಳು ಮುಂದುವರಿಯಬಹುದು. ರಾಷ್ಟ್ರೀಯ ಉದ್ಯಾನದಲ್ಲಿ ದನಗಳ ಮೇವಿಗೂ ಎಡೆಯಿಲ್ಲ. ಕಾಗದದ ಮೇಲೆ ಇದು ನ್ಯಾಯವಾದ ಕ್ರಮ. ಆದರೆ ಎಲ್ಲೆಯ ಗೆರೆ ಹಾದುಹೋಗುವುದು ಕಾಗದದ ಮೇಲಲ್ಲ, ಯಾರದೋ ಹಟ್ಟಿಯ ಮುಂದೆ.

ಭರತಪುರದಲ್ಲಿ ಆದುದೂ ಅದೇ. ಸುತ್ತಣ ಹಳ್ಳಿಗಳ ಎಮ್ಮೆಗಳು ತಲೆಮಾರುಗಳಿಂದ ಆ ಜೌಗಿನಲ್ಲಿ ಮೇಯುತ್ತಿದ್ದವು. ಅವುಗಳಿಂದ ಹಕ್ಕಿಗಳಿಗೆ ಹಾನಿಯೆಂದು ಸಲೀಂ ಅಲಿಯವರೂ ಅವರ ಸಂಘದವರೂ ನಂಬಿದ್ದರು. ಮೇವನ್ನು ನಿಲ್ಲಿಸುವ ಸಲಹೆಗೆ ಅವರ ಹೆಸರಿನ ಬೆಂಬಲವಿತ್ತು. 1982ರಲ್ಲಿ ನಿಷೇಧ ಜಾರಿಯಾಯಿತು. ಬದಲಿ ಮೇವಿನ ಏರ್ಪಾಡಿಲ್ಲದ ಹಳ್ಳಿಗರು ಪ್ರತಿಭಟಿಸಿದರು. ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಬಿಟ್ಟರು. ಹಕ್ಕಿಗಳನ್ನು ಉಳಿಸಲೆಂದು ಮಾಡಿದ ಆಜ್ಞೆಯಿಂದ ಮನುಷ್ಯರ ರಕ್ತ ಹರಿಯಿತು.

ಇನ್ನೂ ದಾರುಣವಾದುದು ಮುಂದೆ ತಿಳಿದುಬಂದಿತು. ಎಮ್ಮೆಗಳಿಲ್ಲದ ಜೌಗಿನಲ್ಲಿ ಒಂದು ಜಾತಿಯ ಹುಲ್ಲು ಅಡ್ಡಿಯಿಲ್ಲದೆ ಬೆಳೆದು ನೀರನ್ನೇ ಮುಚ್ಚಿತು. ಮೀನು ಕಡಮೆಯಾಯಿತು, ನೀರುಹಕ್ಕಿಗಳೂ ಕಡಮೆಯಾದವು. ಇದನ್ನು ಹೊರಗೆಡಹಿದುದು ಸಲೀಂ ಅಲಿಯವರ ಸಂಘವೇ 1980ರಿಂದ ಹತ್ತು ವರ್ಷಗಳ ಕಾಲ ನಡೆಸಿದ ಅಧ್ಯಯನ. ಅದರ ಕೊನೆಯ ವರದಿ ಬಂದುದು 1991ರಲ್ಲಿ. ಅದನ್ನು ಓದಲು ಅವರಿರಲಿಲ್ಲ. ಎಮ್ಮೆ ಹಕ್ಕಿಯ ವೈರಿಯಲ್ಲ, ಒಂದು ಅರ್ಥದಲ್ಲಿ ಅದರ ತೋಟಗಾರ ಎಂಬುದನ್ನು ಮೇಯಿಸುವವನನ್ನು ಕೇಳಿದ್ದರೆ ಮೊದಲೇ ತಿಳಿಯಬಹುದಿತ್ತೇನೋ. ಬಳಿಕ ಹಳ್ಳಿಗರಿಗೆ ಹುಲ್ಲು ಕೊಯ್ದೊಯ್ಯಲು ಅನುಮತಿ ದೊರೆಯಿತು. ಸತ್ತವರು ಹಿಂದಿರುಗಲಿಲ್ಲ.

ಈ ಪ್ರಸಂಗವನ್ನು ಅವರ ಚರಿತ್ರೆಯಿಂದ ಬಿಟ್ಟುಬಿಡುವುದು ಸುಲಭ. ಆದರೆ ಹಾಗೆ ಬಿಟ್ಟರೆ ಅವರಿಗೆ ಗೌರವ ತೋರಿಸಿದಂತಾಗುವುದಿಲ್ಲ. ಕಂಡುದನ್ನು ಕಂಡಂತೆ ಬರೆಯಬೇಕೆಂದು ಎಪ್ಪತ್ತು ವರ್ಷ ಕಲಿಸಿದ ಮನುಷ್ಯನ ಬಗ್ಗೆ ಕಾಣದಂತೆ ಬರೆಯುವುದು ತಕ್ಕುದಲ್ಲ. ತಪ್ಪೆಂದು ತೋರಿಸಿಕೊಟ್ಟುದೂ ಅವರು ಕಟ್ಟಿ ಬೆಳೆಸಿದ ವಿದ್ಯೆಯೇ ಎಂಬುದನ್ನು ಮರೆಯಲಾಗದು.

ಕೇರಳದ ಸೈಲೆಂಟ್ ವ್ಯಾಲಿಯ ಕಾಡನ್ನು ಜಲವಿದ್ಯುತ್ ಯೋಜನೆಯಿಂದ ಉಳಿಸಲು ಎದ್ದ ದನಿಗಳಲ್ಲಿ ಅವರದೂ ಒಂದು. 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅಮೆರಿಕದ ಡಿಲನ್ ರಿಪ್ಲಿಯವರೊಡನೆ ಸೇರಿ ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಮೇಲೆ ಹತ್ತು ಸಂಪುಟಗಳ ಮಹಾಗ್ರಂಥವನ್ನು ಅವರು ಬರೆದರು. 1968ರಿಂದ 1974ರವರೆಗೆ ಅದು ಪ್ರಕಟವಾಯಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ಸದಸ್ಯತ್ವ ದೊರೆತವು. ಪದವಿಯಿಲ್ಲವೆಂದು ಕೆಲಸ ಕಳೆದುಕೊಂಡವರಿಗೆ ವಿಶ್ವವಿದ್ಯಾಲಯಗಳು ತಾವಾಗಿಯೇ ಡಾಕ್ಟರೇಟು ಕೊಟ್ಟವು. 1975ರಲ್ಲಿ ಬಂದ ಪಾಲ್ ಗೆಟ್ಟಿ ಪ್ರಶಸ್ತಿಯ ಹಣವನ್ನು ನಿಸರ್ಗರಕ್ಷಣೆಯ ನಿಧಿಗೆ ಇಟ್ಟರು. 1987ರ ಜೂನ್ 20ರಂದು, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಮುಂಬಯಿಯಲ್ಲಿ ಅವರು ಕಣ್ಣು ಮುಚ್ಚಿದರು. ಭಾರತ ಸರಕಾರ 1990ರಲ್ಲಿ ಕೊಯಮತ್ತೂರಿನಲ್ಲಿ ಅವರ ಹೆಸರಿನ ಪಕ್ಷಿಶಾಸ್ತ್ರ ಕೇಂದ್ರವನ್ನು ತೆರೆಯಿತು.

ಸಲೀಂ ಅಲಿಯವರಿಗೆ ತುಂಬ ಪ್ರಿಯವಾಗಿದ್ದ ಹಕ್ಕಿಗಳಲ್ಲಿ ಎರೆಭೂತವೂ ಒಂದು. ರಾಷ್ಟ್ರಪಕ್ಷಿಯ ಸ್ಥಾನ ಅದಕ್ಕೆ ಸಲ್ಲಬೇಕೆಂದು ಅವರು ವಾದಿಸಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಹೋಯಿತು. ಎರೆಭೂತ ಕಾಡಿನ ಹಕ್ಕಿಯಲ್ಲ. ಗುಂಡಗುರ್ತಿಯ ಸುತ್ತಲಿನಂಥ ಬಯಲಿನದು, ಹುಲ್ಲುಗಾವಲಿನದು. ಮರವಿಲ್ಲದ ನೆಲವನ್ನು ಬಂಜರೆಂದು ಬರೆದುಕೊಳ್ಳುವ ನಮ್ಮ ದಫ್ತರಗಳಲ್ಲಿ ಅಂಥ ಹಕ್ಕಿಗೆ ಮನೆಯ ವಿಳಾಸವೇ ಇರುವುದಿಲ್ಲ. ನೆರೆಯ ಸೋಲಾಪುರದ ಕಡೆ 1979ರಲ್ಲಿ ಅದಕ್ಕಾಗಿ ಒಂದು ಧಾಮವನ್ನು ಮಾಡಿದಾಗ, ಎಲ್ಲೆಯೊಳಗೆ ಎಂಟು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ನೆಲವನ್ನು, ಊರುಕೇರಿ ಹೊಲಗದ್ದೆಗಳ ಸಹಿತ, ಸೇರಿಸಿಬಿಟ್ಟರು. ತನ್ನ ಹೊಲದ ವ್ಯವಹಾರಕ್ಕೇ ತೊಡಕಾದಾಗ ರೈತ ಹಕ್ಕಿಯನ್ನೇ ಹಗೆಯೆಂದು ಬಗೆದನು. ಮುಂದೆ ಅದನ್ನು ಸುಮಾರು ಸಾವಿರದ ಇನ್ನೂರು ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು; ಆ ವೇಳೆಗೆ ಹಕ್ಕಿಗಳು ಬೆರಳೆಣಿಕೆಗೆ ಬಂದಿದ್ದವು.

ಒಂದು ಚದರ ಕಿಲೋಮೀಟರಿಗೂ ಕಿರಿದಾದ ರಂಗನತಿಟ್ಟು ಬಾಳಿತು. ಎಂಟು ಸಾವಿರದ ಧಾಮ ಸೊರಗಿತು. ನೆಲೆ ಕೊಡುವುದೆಂದರೆ ನಕ್ಷೆಯ ಮೇಲೆ ಗೆರೆ ಎಳೆಯುವುದಲ್ಲ. ಆ ಗೆರೆಯ ಎರಡು ಕಡೆಯಲ್ಲಿಯೂ ಬಾಳುವವರನ್ನು ಬಲ್ಲವರಾಗುವುದು. 2002ರ ತಿದ್ದುಪಡಿಯಿಂದ, ಜನರೇ ಒಪ್ಪಿ ಕಾಯುವ ಸಮುದಾಯ ಮೀಸಲು ಎಂಬ ಹೊಸ ವರ್ಗ ಕಾನೂನಿಗೆ ಸೇರಿದೆ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರವರು ತಮ್ಮ ಹಿತ್ತಿಲ ಮರಗಳಲ್ಲಿಯೇ ಕೊಕ್ಕರೆಗಳಿಗೆ ಇಂಬು ಕೊಟ್ಟಿದ್ದಾರೆ. 2007ರಲ್ಲಿ ಸರಕಾರ ಅದಕ್ಕೆ ಮುದ್ರೆ ಒತ್ತಿತು.

ಚಿಂಚೋಳಿಯ ಕಾಡಿನ ಆಸುಪಾಸಿನಲ್ಲಿಯೂ ತಾಂಡಾಗಳಿವೆ, ದನಗಳಿವೆ, ಸೌದೆ ಆಯುವ ಹೆಂಗಸರಿದ್ದಾರೆ. ಆ ಧಾಮ ರಂಗನತಿಟ್ಟಿನ ದಾರಿ ಹಿಡಿದೀತೋ ಭರತಪುರದ ದಾರಿ ಹಿಡಿದೀತೋ ಎಂಬುದು ಆಜ್ಞಾಪತ್ರದಲ್ಲಿ ಬರೆದಿಲ್ಲ. ಅದನ್ನು ತೀರ್ಮಾನಿಸಬೇಕಾದವರು ಆ ಕಾಡನ್ನು ಕಾಯುವವರೂ ಅದರ ಅಂಚಿನಲ್ಲಿ ಬದುಕುವವರೂ ಕೂಡಿ. ಕಲಬುರಗಿಯ ಬಯಲಿನ ಯಾವುದಾದರೂ ಶಾಲೆಯಲ್ಲಿ ಒಬ್ಬ ಹುಡುಗ ಸತ್ತ ಗುಬ್ಬಿಯೊಂದನ್ನು ಅಂಗೈಯಲ್ಲಿ ಹಿಡಿದು ಬಂದು ಇದರ ಹೆಸರೇನೆಂದು ಕೇಳಿದಾಗ, ಬೀರುವಿನ ಬಾಗಿಲು ತೆರೆದು ತೋರಿಸುವ ಉಪಾಧ್ಯಾಯರೊಬ್ಬರು ಅಲ್ಲಿರಬೇಕು. ಕೆಲಸ ಮೊದಲಾಗುವುದು ಅಲ್ಲಿಂದ.